ಚಹಾ ಕೊಡುತ್ತೇನೆ, ಓಟಿಪಿ ಕೊಡುವುದಿಲ್ಲ

ನಮ್ಮ ಓಣಿಗೆ ಇಂಟರ್ನೆಟ್ ಕೊಡುವ ಕಂಪನಿಯಲ್ಲಿ ದೂರು ವಿಭಾಗದ ಮುಖ್ಯಸ್ಥರಾಗಿ ಕುಳಿತಿರುವ ಮಾನ್ಯರೇ,

ನನ್ನ ಮಗಳು ವರ್ಷಾ ಮೋಸದಿಂದ ಆಡಿದಳೆಂದು ಅವಳನ್ನು ಒಂದು ಆನ್‌ಲೈನ್ ಪಂದ್ಯಾವಳಿಯಿಂದ ಹೊರಗೆ ಹಾಕಿದ್ದಾರೆ. ಹಾಕಿದವರು ಪಂದ್ಯಾವಳಿಯ ಸಂಘಟಕರು, ಆದರೆ ಅವರ ಕೈಗೆ ಸಾಕ್ಷಿ ಕೊಟ್ಟವರು ನೀವು. ನಿಮ್ಮ ಕಚೇರಿಯ ಉತ್ತರ ನನ್ನ ಮುಂದಿದೆ: ಈ ಗ್ರಾಹಕರ ಸಂಪರ್ಕದಲ್ಲಿ ಯಾವ ದೋಷವೂ ಇರಲಿಲ್ಲ, ಎಲ್ಲ ದೂರುಗಳೂ ಗ್ರಾಹಕರ ತೃಪ್ತಿಯೊಂದಿಗೆ ಮುಕ್ತಾಯಗೊಂಡಿವೆ. ಆ ತೃಪ್ತ ಗ್ರಾಹಕ ನಾನೇ. ನಾನು ಇಷ್ಟು ತೃಪ್ತನಾಗಿದ್ದೇನೆಂದು ನನಗೇ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಉಪಕಾರ.

ಈ ಪತ್ರ ಕನ್ನಡದಲ್ಲಿ ಏಕೆ ಎಂದು ಕೇಳಬಹುದು. ನಿಮಗೆ ಫೋನ್ ಮಾಡಿದರೆ ತೆಲುಗಿಗೆ ಒಂದು ಒತ್ತಬೇಕು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಮೂರನ್ನೂ ಒತ್ತಿ ನೋಡಿದೆ. ಮೂರು ಭಾಷೆಯಲ್ಲೂ ದೂರು ಹೇಳಿದೆ, ಮೂರು ಭಾಷೆಯಲ್ಲೂ ನೀವು ಅದನ್ನು ಮುಚ್ಚಿದಿರಿ. ಇನ್ನು ಉಳಿದಿರುವುದು ನನ್ನದೇ ಭಾಷೆ, ಇದನ್ನು ಮುಚ್ಚಲು ನಿಮ್ಮ ಬಳಿ ಗುಂಡಿ ಇಲ್ಲ. ಈ ಹೈದರಾಬಾದಿನ ಕನ್ನಡಿಗರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಯಾರಾದರೂ ನಿಮಗೆ ಓದಿ ಹೇಳುತ್ತಾರೆ. ನಿಮ್ಮ ಕಟ್ಟಡದಲ್ಲೂ ನಮ್ಮ ಕಡೆಯವರು ಒಬ್ಬರಾದರೂ ಇದ್ದೇ ಇರುತ್ತಾರೆ, ಲಿಫ್ಟಿನ ಹತ್ತಿರ ಕೇಳಿ ನೋಡಿ. ಇನ್ನೊಂದು ಮಾತು. ನಾನು ಬರೆಯುವವನಲ್ಲ, ಮಾತಾಡುವವನು. ಕಾರ್ಖಾನೆಯಿಂದ ಮನೆಗೆ ನಡೆಯುತ್ತ ಎಲ್ಲವನ್ನೂ ಫೋನಿಗೆ ಹೇಳಿಕೊಂಡು ಬರುತ್ತೇನೆ, ನನ್ನ ಹೆಂಡತಿ ಸುಭದ್ರಾ ಅದನ್ನು ಕೇಳಿ ಬರೆದಿಳಿಸುತ್ತಾಳೆ. ಅವಳು ಮದುವೆಗೆ ಮುಂಚೆ ಕೊಪ್ಪಳದ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಈ ಪತ್ರದಲ್ಲಿ ಭಾಷೆ ಎಲ್ಲೆಲ್ಲಿ ತಣ್ಣಗಿದೆಯೋ ಅಲ್ಲೆಲ್ಲ ಅವಳು ನನ್ನ ಒಂದೆರಡು ಶಬ್ದಗಳನ್ನು ಕಿತ್ತು ಹಾಕಿದ್ದಾಳೆ ಎಂದು ತಿಳಿಯಿರಿ.

ವರ್ಷಾ ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡುತ್ತಾಳೆ. ಹಗಲೆಲ್ಲ ಮಾತ್ರೆಗಳಲ್ಲಿ ತಪ್ಪು ಹುಡುಕಿ, ಸಂಜೆ ಬಸ್ಸಿನಲ್ಲಿ ಲಿಂಗಂಪಲ್ಲಿಗೆ ಬಂದು, ಮುಖ ತೊಳೆದು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಐದು ಹುಡುಗಿಯರ ತಂಡ, ಎದುರಿಗೆ ಇನ್ನೊಂದು ಐದು ಜನ, ಗೋಡೆಗಳ ಮರೆಯಿಂದ ಬಂದು ಗುಂಡು ಹಾರಿಸುವ ಆಟ. ಮೊದಮೊದಲು ನಾನೂ ಗೊಣಗಿದೆ. ಆಮೇಲೆ ಒಂದು ದಿನ ಹಿಂದೆ ನಿಂತು ನೋಡಿದೆ. ತಾನು ಸತ್ತ ಮೇಲೂ ಈ ಹುಡುಗಿ ಉಳಿದ ನಾಲ್ವರಿಗೆ ಯಾವ ಮೂಲೆಯಲ್ಲಿ ಯಾರಿದ್ದಾರೆ ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು, ಯಾರನ್ನೂ ಬೈಯಲಿಲ್ಲ. ನಮ್ಮ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜುಗಳಲ್ಲಿ ಇಂಥ ತಾಳ್ಮೆಯನ್ನು ನಾನು ಕಂಡಿಲ್ಲ. ಅಂದಿನಿಂದ ಗೊಣಗುವುದನ್ನು ಬಿಟ್ಟೆ. ಈ ವರ್ಷ ಅವರ ತಂಡ ಕೊನೆಯ ಸುತ್ತಿಗೆ ಬಂತು, ಅಷ್ಟರಲ್ಲಿ ನೀವು ಬಂದಿರಿ.

ಆಟ ಗೊತ್ತಿಲ್ಲದ ಓದುಗರಿಗಾಗಿ ಒಂದು ವಿಷಯ ಹೇಳಬೇಕು, ನಿಮಗೂ ಗೊತ್ತಿಲ್ಲವೆಂದೇ ನನ್ನ ಅನುಮಾನ. ನಮ್ಮ ಕಡೆ ಅಜ್ಜಿ ಕತೆ ಹೇಳುವಾಗ ಕೇಳುವವರಲ್ಲಿ ಒಬ್ಬರು ಹೂಂಗುಟ್ಟಬೇಕು. ಹೂಂ ಬಾರದಿದ್ದರೆ ಕತೆ ಅಲ್ಲೇ ನಿಲ್ಲುತ್ತದೆ. ಆಟದಲ್ಲೂ ಹಾಗೆಯೇ. ನಮ್ಮ ಮನೆಯ ಕಂಪ್ಯೂಟರ್ ದೂರದ ಯಂತ್ರಕ್ಕೆ ಒಂದು ಮಾತು ಹೇಳುತ್ತದೆ, ಅದು ಹೂಂ ಎನ್ನುತ್ತದೆ. ಮಾತು ಹೋಗಿ ಹೂಂ ಬರುವ ವೇಳೆಗೆ ಪಿಂಗ್ ಎನ್ನುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಹೂಂ ಬಂದರೆ ಆಟ ನಡೆಯುತ್ತದೆ. ತಡವಾದರೆ, ಅಥವಾ ಒಂದು ಬಂದು ಇನ್ನೊಂದು ಬಾರದಿದ್ದರೆ, ಪರದೆಯ ಮೇಲಿನ ಮನುಷ್ಯ ನಿಂತಲ್ಲೇ ಕಲ್ಲಾಗುತ್ತಾನೆ. ಇದಕ್ಕೂ ನೀವು ಜಾಹೀರಾತಿನಲ್ಲಿ ಹಾಕುವ ಸ್ಪೀಡಿಗೂ ಸಂಬಂಧ ಕಡಿಮೆ. ಒಂದೇ ಉಸಿರಿಗೆ ಎಷ್ಟು ಕತೆ ಹರಿಯುತ್ತದೆ ಎನ್ನುವುದು ಸ್ಪೀಡು. ನಾನು ಹೂಂ ತಡವಾಗುತ್ತಿದೆ ಎಂದು ದೂರು ಕೊಟ್ಟೆ. ನೀವು ಅಜ್ಜಿಯ ಬಾಯಿ ಎಷ್ಟು ಅಗಲವಿದೆ ಎಂದು ಅಳೆಯಲು ಜನ ಕಳಿಸಿದಿರಿ.

ಆ ಜನ ಎಂದರೆ ಜನಾರ್ದನ. ನಿಮ್ಮ ಲೈನ್‌ಮನ್, ನನ್ನ ಓರಗೆಯವನು, ಮಂಡಿನೋವಿನವನು. ಮೂರನೇ ಮಹಡಿಯ ನಮ್ಮ ಮನೆಗೆ ಏದುಸಿರು ಬಿಡುತ್ತ ಬರುತ್ತಿದ್ದ. ಅಷ್ಟರಲ್ಲಿ ವರ್ಷಾ ತನ್ನ ಕೈಲಾದದ್ದನ್ನೆಲ್ಲ ಮಾಡಿ ಮುಗಿಸಿರುತ್ತಿದ್ದಳು. ವೈಫೈ ಬಿಟ್ಟು ನೇರ ವೈರ್ ಹಾಕಿದಳು. ನನ್ನ ಫೋನಿನ ವಿಡಿಯೋ ನಿಲ್ಲಿಸಿದಳು. ಮನೆಯಲ್ಲಿರುವ ನಿಮ್ಮ ಡಬ್ಬಿಯಿಂದ ಹೂಂ ಎಷ್ಟು ಬೇಗ ಬರುತ್ತದೆ, ಮನೆಯ ಹೊರಗಿನ ನಿಮ್ಮ ಮೊದಲ ಯಂತ್ರದಿಂದ ಎಷ್ಟು ಬೇಗ ಬರುತ್ತದೆ ಎಂದು ಪರದೆಯ ಮೇಲೆ ಎರಡು ಕಿಟಕಿ ತೆರೆದು ಪಕ್ಕಪಕ್ಕದಲ್ಲಿ ಇಟ್ಟಳು. ಮೊದಲನೆಯದು ಸದಾ ತಕ್ಷಣ ಬರುತ್ತಿತ್ತು. ಎರಡನೆಯದು ಚೆನ್ನಾಗಿ ಬರುತ್ತ ಬರುತ್ತ, ಕೆಲವು ಸಂಜೆ ಒಮ್ಮೆಲೇ ಉತ್ತರವಿಲ್ಲ, ಉತ್ತರವಿಲ್ಲ, ಉತ್ತರವಿಲ್ಲ, ಆಮೇಲೆ ಎಲ್ಲ ಒಟ್ಟಿಗೆ. ಅಂದರೆ ತಪ್ಪು ನಮ್ಮ ಹೊಸ್ತಿಲ ಆಚೆ ಇದೆ. ಇಷ್ಟನ್ನು ತೋರಿಸಿದರೆ ಜನಾರ್ದನ ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿ, ಮುಳ್ಳು ಪೂರಾ ಬಲಕ್ಕೆ ಹೋದದ್ದನ್ನು ನನಗೆ ತೋರಿಸುತ್ತಿದ್ದ. ಅವನು ಬರುತ್ತಿದ್ದದ್ದು ಹಗಲು ಹೊತ್ತಿನಲ್ಲಿ, ತೊಂದರೆ ಇಲ್ಲದ ಹೊತ್ತಿನಲ್ಲಿ.

ಸ್ವಾಮಿ, ನಾನು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುವವನು. ದೊಡ್ಡ ದೊಡ್ಡ ಯಂತ್ರಗಳು ನಮ್ಮ ಮುಂದೆ ತಿರುಗುತ್ತವೆ. ಯಂತ್ರ ನಿಂತಿದ್ದಾಗ ಕಿವಿ ಇಟ್ಟು, ಸದ್ದಿಲ್ಲ, ಪಾಸು ಎಂದು ಯಾರಾದರೂ ಸಹಿ ಹಾಕಿದರೆ ಅವನನ್ನು ಮರುದಿನ ಗೇಟಿನ ಒಳಗೆ ಬಿಡುವುದಿಲ್ಲ. ನಿಮ್ಮಲ್ಲಿ ಅದಕ್ಕೆ ಬಡ್ತಿ ಇದೆಯೇ?

ಈಗ ಓಟಿಪಿಯ ವಿಷಯ. ನಿಮ್ಮ ಕಂಪನಿಯಲ್ಲಿ ದೂರು ಮುಗಿಯಬೇಕಾದರೆ ಗ್ರಾಹಕನ ಫೋನಿಗೆ ಒಂದು ಸಂಖ್ಯೆ ಬರುತ್ತದೆ. ಅದನ್ನು ಅವನು ಲೈನ್‌ಮನ್‌ಗೆ ಓದಿ ಹೇಳಿದರೆ ಕೆಲಸ ಆಯಿತು, ಗ್ರಾಹಕ ಸಂತುಷ್ಟ. ಜನಾರ್ದನ ಪ್ರತಿ ಸಲ ಚಹಾದ ಲೋಟ ಕೆಳಗಿಟ್ಟು, ತಲೆ ತಗ್ಗಿಸಿ, “ಓಟಿಪಿ ಚೆಪ್ಪಂಡಿ ಸಾರ್” ಎಂದು ತೆಲುಗಿನಲ್ಲಿ ಕೇಳುತ್ತಿದ್ದ. ಇವತ್ತಿನ ದೂರು ಇವತ್ತೇ ಮುಚ್ಚದಿದ್ದರೆ ಮೇಲಿನವರು ತನ್ನನ್ನು ಬೈಯುತ್ತಾರೆ, ನಾಳೆ ಬಂದು ಪಕ್ಕಾ ನೋಡುತ್ತೇನೆ, ಇವತ್ತಿಗೆ ಹೇಳಿಬಿಡಿ ಎನ್ನುತ್ತಿದ್ದ. ನಾನು ಹೇಳಿಬಿಡುತ್ತಿದ್ದೆ. ಒಂದು ಸಲವಲ್ಲ, ಬಂದಾಗಲೆಲ್ಲ. ಸುಭದ್ರಾ ಒಳಗಿನಿಂದ ಕಣ್ಣು ಬಿಟ್ಟರೂ ಹೇಳಿದೆ. ನಮ್ಮ ಮನೆಯ ಚಾಪೆಯ ಮೇಲೆ ಕುಳಿತು, ನಮ್ಮ ಮಂಡಕ್ಕಿ ತಿಂದು, ಮಂಡಿ ಹಿಡಿದುಕೊಂಡು ಎದ್ದ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದು ನಮಗೆ ಬರುವುದಿಲ್ಲ. ನಾನು ಕೊಟ್ಟದ್ದು ಅವನ ಹೊಟ್ಟೆಪಾಡಿಗೆ ನಾಲ್ಕು ಅಂಕಿ. ನೀವು ಅದನ್ನು ನನ್ನ ಮಗಳ ವಿರುದ್ಧ ನಾಲ್ಕು ಅಂಕಿಯ ಸಾಕ್ಷಿ ಮಾಡಿಕೊಂಡಿರಿ. ಇದಕ್ಕೆ ನಾನು ನಾಚಬೇಕೆಂದು ನೀವು ಎಣಿಸಿದ್ದರೆ ತಪ್ಪು. ನಾಚಬೇಕಾದವರು, ಬೈಗುಳಕ್ಕೆ ಹೆದರಿದ ಒಬ್ಬ ಮನುಷ್ಯನ ಮುಖವನ್ನು ನಮ್ಮ ಬಾಗಿಲಿಗೆ ಕಳಿಸಿ ನಮ್ಮ ಮರ್ಯಾದೆಯಿಂದ ಸಹಿ ಮಾಡಿಸಿಕೊಳ್ಳುವವರು.

ಸೆಮಿಫೈನಲ್ ನಡೆದ ಸಂಜೆ ಆದದ್ದು ಇಷ್ಟು. ವರ್ಷಾ ಒಂದು ಗೋಡೆಯ ಹತ್ತಿರ ಓಡುತ್ತಿದ್ದಳು. ಸಂಪರ್ಕ ನಿಂತಿತು, ಬಂತು, ಮತ್ತೆ ನಿಂತಿತು, ಅವಳು ಓಡುತ್ತಲೇ, ಹೊಡೆಯುತ್ತಲೇ ಇದ್ದಳು. ಎದುರು ತಂಡದವರು ತಮ್ಮ ಪರದೆಯ ಚಿತ್ರವನ್ನು ಸಂಘಟಕರಿಗೆ ಕಳಿಸಿದರು. ಅದರಲ್ಲಿ ವರ್ಷಾಳ ಮನುಷ್ಯ ಗೋಡೆಗೆ ಮುಖಮಾಡಿ ಗೊಂಬೆಯಂತೆ ನಿಂತಿದ್ದಾನೆ, ಮರುಕ್ಷಣ ಅವರ ಬೆನ್ನ ಹಿಂದೆ ಇದ್ದಾನೆ, ಇಬ್ಬರು ಬಿದ್ದಿದ್ದಾರೆ. ಈ ಆಟಗಳಲ್ಲಿ ಒಂದು ಕಳ್ಳವಿದ್ಯೆ ಇದೆಯಂತೆ. ತನ್ನ ಸಂಪರ್ಕವನ್ನು ತಾನೇ ಅರೆಕ್ಷಣ ಕತ್ತರಿಸಿಕೊಂಡರೆ ಎದುರಿನವರಿಗೆ ನೀವು ನಿಂತಂತೆ ಕಾಣುತ್ತೀರಿ, ಅಷ್ಟರಲ್ಲಿ ಹೋಗಿ ಹೊಡೆಯಬಹುದು. ಆ ಚಿತ್ರ ನೋಡಿದರೆ, ಮಗಳ ಹಿಂದೆಯೇ ನಿಂತಿದ್ದ ನನಗೂ ಹಾಗೇ ಅನಿಸುವಂತಿತ್ತು. ಸಂಘಟಕರು ತಂಡದ ಗೆಲುವನ್ನು ಹಾಗೇ ಉಳಿಸಿ ಅವಳೊಬ್ಬಳನ್ನು ಒಂದು ವರ್ಷ ಹೊರಗಿಟ್ಟರು, ಮೋಸಗಾರರ ಪಟ್ಟಿಯಲ್ಲಿ ಹೆಸರು ಹಾಕಿದರು. ಲೈನಿನಲ್ಲಿ ದೋಷವಿತ್ತೆಂದು ಕಂಪನಿ ಬರೆದುಕೊಟ್ಟರೆ ಹೆಸರು ತೆಗೆಯುತ್ತೇವೆ, ಫೈನಲ್ ಮುಂದಿನ ತಿಂಗಳಿದೆ, ಅಷ್ಟರೊಳಗೆ ತನ್ನಿ ಎಂದರು. ನ್ಯಾಯವಾದ ಮಾತು. ವರ್ಷಾ ನಿಮಗೆ ಬರೆದಳು. ನೀವು ಆ ಸುಂದರವಾದ ಉತ್ತರ ಕಳಿಸಿ, ಅದರ ಪ್ರತಿಯನ್ನು ಸಂಘಟಕರಿಗೂ ಕಳಿಸಿದಿರಿ. ವರ್ಷಗಳಿಂದ ಯಾವ ದೂರಿಗೂ ಇಷ್ಟು ಬೇಗ ಉತ್ತರಿಸಿದವರಲ್ಲ ನೀವು.

ಹೆಸರು ಹೋದರೆ ಏನಾಯಿತು, ಆಟವಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಅವಳ ತಂಡದ ನಾಯಕಿ ಶ್ರೀವಿದ್ಯಾ, ಉಪ್ಪಲ್‌ನ ನಮ್ಮದೇ ಕಡೆಯ ಹುಡುಗಿ, ಚಿಕ್ಕಂದಿನಿಂದ ಗೊತ್ತಿರುವವಳು, ಫೋನ್ ಮಾಡಿದಳು. ಫೋನ್ ಸ್ಪೀಕರಿನಲ್ಲಿತ್ತು.

“ವರ್ಷಾ, ನೀನಽ ಕಟ್ ಮಾಡಿದ್ರ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ.”

ವರ್ಷಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಫೋನ್ ಮಗುಚಿ ಇಟ್ಟು ಅಡುಗೆಮನೆಗೆ ಹೋಗಿ ತನ್ನ ಬುತ್ತಿಡಬ್ಬಿ ತಿಕ್ಕತೊಡಗಿದಳು, ತಿಕ್ಕಿದ್ದನ್ನೇ ತಿಕ್ಕಿದಳು. ಕ್ಷಮಿಸುತ್ತೇನೆ ಎಂದು ಗೆಳತಿಯೇ ಹೇಳಿದ ಮೇಲೆ, ಮಾಡದ ತಪ್ಪನ್ನು ಇಲ್ಲ ಎನ್ನುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ?

ದೋಷ ಹಿಡಿದವಳು ಸುಭದ್ರಾ. ಅದೂ ಸಿಟ್ಟಿನಲ್ಲಿ. ನಮ್ಮ ಓಣಿಗೆ ದಿನ ಬಿಟ್ಟು ದಿನ ಸಂಜೆ ನೀರು ಬರುತ್ತದೆ. ನೀರಿನ ದಿನ ಅವಳು ಅಡುಗೆಮನೆಯಲ್ಲಿ ಕೊಡ ತುಂಬುವಾಗಲೇ ಮಗಳ ಕೋಣೆಯಿಂದ “ಹೋತು” ಎನ್ನುವ ಕೂಗು ಬರುತ್ತಿತ್ತಂತೆ. ಎಷ್ಟೋ ದಿನದಿಂದ ಕೇಳಿಸಿಕೊಂಡಿದ್ದಳು, ಜೋಡಿಸಿ ನೋಡಿರಲಿಲ್ಲ. ಒಂದು ನೀರಿಲ್ಲದ ದಿನ, ಪಂದ್ಯಾವಳಿಯ ಹೊರಗೆ ಮಗಳು ಸುಮ್ಮನೆ ಆಡುತ್ತಿದ್ದ ಆಟ ಚೆನ್ನಾಗಿ ನಡೆಯುತ್ತಿದ್ದುದನ್ನು ಕಂಡು ಹೇಳಿದಳು:

“ನೀರು ಬಂದ ದಿನಾನ ನಿಂದು ನಿಂದರತೈತಲ್ಲ. ಆ ಡಬ್ಬಿಗೆ ಏನರ ನೀರಡಿಕಿ ಆಗತೈತೇನು?”

ನಾವು ನಕ್ಕೆವು. ಆಮೇಲೆ, ಸೆಮಿಫೈನಲ್ ನಡೆದದ್ದೂ ನೀರಿನ ದಿನವೇ ಎಂದು ನೆನಪಾಗಿ ನಗು ನಿಂತಿತು. ನೀರು ಬಂದ ದಿನ ಏನಾಗುತ್ತದೆ? ಪಕ್ಕದ ಅಪಾರ್ಟ್‌ಮೆಂಟಿನವರು ನೆಲದ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರೆತ್ತಲು ಮೋಟರ್ ಹಾಕುತ್ತಾರೆ. ಮರುದಿನವೇ ನೀರಿನ ದಿನ. ವರ್ಷಾಳನ್ನು ಮನೆಯಲ್ಲಿ ತನ್ನ ಎರಡು ಕಿಟಕಿಗಳ ಮುಂದೆ ಕೂರಿಸಿ, ಫೋನ್ ಕಿವಿಗಿಟ್ಟುಕೊಂಡು ನಾನು ಪಕ್ಕದ ಕಟ್ಟಡಕ್ಕೆ ಹೋದೆ. ಅಲ್ಲಿನ ವಾಚ್‌ಮನ್ ಮಲ್ಲಣ್ಣ, ಲಿಂಗಸುಗೂರಿನ ಕಡೆಯವನು, ಹೆಂಡತಿ ಗಂಗಾಬಾಯಿಯ ಜೊತೆ ಮೋಟರ್ ಕೋಣೆಯ ಪಕ್ಕದಲ್ಲೇ ಇರುತ್ತಾನೆ. ಬಾಗಿಲು ತೆಗೆಸಿದೆ. ಗೋಡೆಯ ಮೇಲೆ ಮೋಟರಿನ ಬೋರ್ಡು, ಅದೇ ಬೋರ್ಡಿನ ಪ್ಲಗ್ಗಿಗೆ ಸಿಕ್ಕಿಸಿಕೊಂಡು ನಿಮ್ಮ ಕಂಪನಿಯ ಹೆಸರಿನ ಡಬ್ಬಿ. ನಮ್ಮ ಇಡೀ ಓಣಿಯ ಇಂಟರ್ನೆಟ್ ಆ ಡಬ್ಬಿಯಿಂದ ಹೊರಡುತ್ತದೆ. ಅದರ ವೈರುಗಳನ್ನು ಮೋಟರಿನ ದಪ್ಪ ವೈರಿಗೆ ಹಗ್ಗದಿಂದ ಬಿಗಿದು ಕಟ್ಟಿದ್ದರು, ಮದುಮಕ್ಕಳ ಸೆರಗು ಕಟ್ಟಿದ ಹಾಗೆ.

ಮಲ್ಲಣ್ಣ ಮೋಟರ್ ಹಾಕಿದ. ಕೋಣೆಯ ಬಲ್ಬು ಮಂಕಾಯಿತು, ನಿಮ್ಮ ಡಬ್ಬಿಯ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು. ಕಿವಿಯಲ್ಲಿ ಮಗಳ ದನಿ, “ಹೋತು.” ದೀಪಗಳು ಒಂದೊಂದಾಗಿ ಬಂದವು. “ಬಂತು.” ಮೋಟರ್ ಓಡುತ್ತಿದ್ದಷ್ಟು ಹೊತ್ತು ಆ ದೀಪಗಳು ಜ್ವರ ಬಂದವರ ಕಣ್ಣಿನಂತೆ ಮಿಟುಕುತ್ತಲೇ ಇದ್ದವು, ಅವಳೂ ಹೋತು ಬಂತು ಎನ್ನುತ್ತಲೇ ಇದ್ದಳು. ಎಲ್ಲವನ್ನೂ ಗಂಗಾಬಾಯಿ ತನ್ನ ಫೋನಿನಲ್ಲಿ ವಿಡಿಯೋ ಮಾಡಿದಳು. ಅದು ನಿಮ್ಮ ಬಳಿ ಇದೆ, ನಾನೇ ಕಳಿಸಿದ್ದೇನೆ.

ಪ್ಲಗ್ ಯಾರು ಕೊಟ್ಟರು ಎಂದು ಮಲ್ಲಣ್ಣನನ್ನು ಕೇಳಿದೆ. ನಾನೇ ಎಂದ. “ಎರಡು ದಿನದ ಮಟ್ಟಿಗೆ ಅಂದ್ರಿ ಅವರು. ಬಾಗಲದಾಗ ನಿಂತು ಕೇಳಿದವರಿಗೆ ಇಲ್ಲ ಅಂತ ಹೆಂಗ ಅನ್ನಾಕ ಬರತೈತ್ರೀ?” ನಿನ್ನ ಹೆಸರು ಬರೆಯಲೇ ಎಂದೆ. “ಬರೀರಿ. ಕೊಟ್ಟಿದ್ದು ಖರೆ ಐತಿ, ಮುಚ್ಚಿಡಾಕ ನಾ ಏನ್ ಕಂಪನಿ ಏನ್ರಿ?” ನನಗೆ ಅವನ ಮುಖದಲ್ಲಿ ನನ್ನದೇ ಮುಖ ಕಂಡಿತು. ನಿಮ್ಮ ಕಂಪನಿ ಈ ಊರಿನಲ್ಲಿ ನಡೆಯುತ್ತಿರುವುದೇ ಇಲ್ಲ ಎನ್ನಲು ಬಾರದ ಜನರ ಮೇಲೆ. ಅವನ ಬಳಿ ಪ್ಲಗ್ ಕೇಳಿದಿರಿ, ನನ್ನ ಬಳಿ ಓಟಿಪಿ ಕೇಳಿದಿರಿ. ಎರಡನ್ನೂ ಕೊಟ್ಟೆವು. ಪ್ರತಿಯಾಗಿ ಒಬ್ಬ ಹುಡುಗಿಗೆ ಮೋಸಗಾತಿ ಎಂದು ಬರೆಸಿದಿರಿ.

ಈಗ ನಿಜವಾದ ತಮಾಷೆ. ವಿಡಿಯೋ ತಲುಪಿದ ಮೇಲೆ ನೀವು ಏನು ಮಾಡಿದಿರಿ? ಜನಾರ್ದನನನ್ನೂ ಇನ್ನಿಬ್ಬರನ್ನೂ ಕಳಿಸಿ, ಡಬ್ಬಿಯನ್ನು ಮೋಟರ್ ಕೋಣೆಯಿಂದ ಕಿತ್ತು, ಬೇರೆ ಗೋಡೆಗೆ, ಬೇರೆ ಕರೆಂಟಿಗೆ, ಬ್ಯಾಟರಿ ಸಮೇತ ಹಾಕಿಸಿದಿರಿ. ಅಂದಿನಿಂದ ನೀರಿನ ದಿನವೂ ಹೂಂ ತಕ್ಷಣ ಬರುತ್ತಿದೆ. ಅಭಿನಂದನೆಗಳು. ಇಲ್ಲದ ದೋಷವನ್ನು ಇಷ್ಟು ಚೆನ್ನಾಗಿ ಸರಿಪಡಿಸಿದವರನ್ನು ನಾನು ಕಂಡಿಲ್ಲ.

ಕೆಲಸ ಮುಗಿಸಿ ಜನಾರ್ದನ ಮೇಲೆ ಬಂದ. ಚಾಪೆ ಹಾಸಿದೆ, ಚಹಾ ಬಂತು, ಮಂಡಕ್ಕಿ ಬಂತು. ಲೋಟ ಕೆಳಗಿಟ್ಟು ಓಟಿಪಿ ಕೇಳಿದ. ದೂರು ಮುಚ್ಚುವಾಗ ಕಾರಣ ಏನೆಂದು ಬರೆಯುತ್ತೀ ಎಂದು ಕೇಳಿದೆ. ಅವನು ಫೋನ್ ನನ್ನ ಕಡೆ ತಿರುಗಿಸಿದ. ಕಾರಣವನ್ನು ಅವನು ಬರೆಯುವಂತಿಲ್ಲ, ಇದ್ದುದರಲ್ಲಿ ಆರಿಸಬೇಕು: ಗ್ರಾಹಕರ ಸಾಧನದ ದೋಷ, ಗ್ರಾಹಕರ ವೈರಿನ ದೋಷ, ಗ್ರಾಹಕರ ಮನೆಯ ವಿದ್ಯುತ್ ದೋಷ, ದೋಷ ಕಂಡುಬಂದಿಲ್ಲ. ಕೆಳಗಿನವರೆಗೂ ಸರಿಸಿದೆ. ಕಂಪನಿಯ ದೋಷ ಎನ್ನುವುದು ಅದರಲ್ಲಿ ಇರಲೇ ಇಲ್ಲ. ಮಾನ್ಯರೇ, ಆ ಪಟ್ಟಿಯನ್ನು ಮಾಡಿದವರು ಯಾರು? ದೇವರ ದೋಷ ಎಂದು ಒಂದು ಸೇರಿಸಲು ಮರೆತಿರೇಕೆ?

ಕೊಡುವುದಿಲ್ಲ ಎಂದೆ. ಜೀವನದಲ್ಲಿ ಮನೆಗೆ ಬಂದವನಿಗೆ ಹಾಗೆ ಹೇಳಿದ್ದು ಅದೇ ಮೊದಲು, ನಾಲಿಗೆ ತಿರುಗಲು ಹೊತ್ತು ಹಿಡಿಯಿತು. ಜನಾರ್ದನ ನನ್ನನ್ನೇ ನೋಡಿದ. ಕೆಲಸ ಆಗದಾಗ ಕೊಟ್ಟಿರಿ, ಕೆಲಸ ಆದಾಗ ಕೊಡುವುದಿಲ್ಲ ಎನ್ನುತ್ತೀರಲ್ಲ ಸಾರ್ ಎಂದ. ಅವನ ಮಾತು ಸರಿಯೇ. ಆದರೆ ಈ ದೂರು ತೆರೆದಿರುವವರೆಗೆ ಮಾತ್ರ ನಿಮ್ಮ ಕಂಪನಿಯ ಒಳಗೆ, ಎಲ್ಲೋ ಒಂದು ಕಡೆ, ದೋಷ ಇತ್ತು ಎನ್ನುವ ಗುರುತು ಇರುತ್ತದೆ. ನಾನು ನಾಲ್ಕು ಅಂಕಿ ಓದಿದ ಮರುಕ್ಷಣ ಅದೂ ತೃಪ್ತಿಯಾಗುತ್ತದೆ. ಆಗ ನನ್ನ ಮಗಳ ಪರವಾಗಿ ಈ ಲೋಕದಲ್ಲಿ ಉಳಿಯುವುದು ಗಂಗಾಬಾಯಿಯ ವಿಡಿಯೋ ಒಂದೇ. ಸಂಘಟಕರು ಅದನ್ನು ನೋಡಿ, ಮೋಟರ್ ಕೋಣೆ ಚೆನ್ನಾಗಿದೆ, ಕಂಪನಿಯ ಮಾತು ತನ್ನಿ ಎಂದಿದ್ದಾರೆ.

ಅಂದಿನಿಂದ ನಿಮ್ಮ ಕಚೇರಿಯೇ ನನಗೆ ಫೋನ್ ಮಾಡುತ್ತಿದೆ. ಒಂದು ಹೆಣ್ಣುದನಿ, ಬಹಳ ಮರ್ಯಾದೆಯಿಂದ, ಓಟಿಪಿ ಕೇಳುತ್ತದೆ. ನಾನೂ ಅಷ್ಟೇ ಮರ್ಯಾದೆಯಿಂದ ಹೇಳುತ್ತೇನೆ: ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ. ಆಮೇಲೆ ಫೋನನ್ನು ಸುಭದ್ರಾಳ ಮಿಕ್ಸರಿನ ಪಕ್ಕ ಇಡುತ್ತೇನೆ. ನಿಮ್ಮ ಸಂಗೀತಕ್ಕಿಂತ ಅದೇ ವಾಸಿ.

ನನ್ನ ಬೇಡಿಕೆ ದೊಡ್ಡದಲ್ಲ. ನಷ್ಟ ಪರಿಹಾರ ಬೇಡ, ಕ್ಷಮೆಯೂ ಬೇಡ, ನಿಮ್ಮ ಕ್ಷಮೆ ಯಾವ ಪಟ್ಟಿಯಿಂದ ಆರಿಸಿದ್ದಾಗಿರುತ್ತದೋ ಯಾರಿಗೆ ಗೊತ್ತು. ನಿಮ್ಮ ಕಾಗದದ ಮೇಲೆ ಒಂದು ಮಾತು ಬರೆಯಿರಿ: ಈ ಓಣಿಯ ನಮ್ಮ ಡಬ್ಬಿ ನೀರಿನ ಮೋಟರಿನ ಕರೆಂಟಿನಲ್ಲಿತ್ತು, ಆ ಕಾರಣಕ್ಕೆ ಸಂಪರ್ಕ ಕಡಿದು ಕಡಿದು ಹೋಗುತ್ತಿತ್ತು, ಅದನ್ನು ನಾವೇ ಬದಲಿಸಿದ್ದೇವೆ. ಕೆಳಗೆ ಸಹಿ ಹಾಕಿ, ಸಂಘಟಕರಿಗೆ ಒಂದು ಪ್ರತಿ ಕಳಿಸಿ. ಫೈನಲ್‌ಗೆ ಮುಂಚೆ ಕಳಿಸಿ. ಜನಾರ್ದನನನ್ನು ಬೈಯುವುದನ್ನು ನಿಲ್ಲಿಸಿ, ಅವನು ದೂರು ಮುಚ್ಚದೆ ಇರುವುದು ನನ್ನ ಹಟದಿಂದ. ಮಲ್ಲಣ್ಣನ ತಂಟೆಗೆ ಹೋಗಬೇಡಿ, ಕಟ್ಟಡದ ಮಾಲೀಕರನ್ನು ಕೇಳದೆ ಅವರ ಕರೆಂಟನ್ನು ಬಳಸಿದವರು ನೀವು.

ಶ್ರೀವಿದ್ಯಾ ವಿಡಿಯೋ ನೋಡಿ ನಮ್ಮ ಮನೆಗೆ ಬಂದಿದ್ದಳು. ವರ್ಷಾಳ ಪಕ್ಕ ಕುಳಿತಳು, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಬದಲಿ ಆಟಗಾರ್ತಿಯ ಹೆಸರು ಕೊಡಲು ಸಂಘಟಕರು ಕೇಳಿದ್ದಾರಂತೆ. ಅವಳು ಇನ್ನೂ ಕೊಟ್ಟಿಲ್ಲ. ಆ ಜಾಗ ಖಾಲಿ ಇದೆ, ನಿಮ್ಮ ಕಾಗದಕ್ಕಾಗಿ.

ಅದು ಬಂದ ದಿನ ಜನಾರ್ದನನನ್ನು ಕಳಿಸಿ. ಮೆಟ್ಟಿಲು ಹತ್ತುವುದು ಬೇಡ, ನಾನೇ ಕೆಳಗೆ ಇಳಿದು ಬರುತ್ತೇನೆ, ಲೋಟವನ್ನೂ ತರುತ್ತೇನೆ. ಚಹಾ ಕುಡಿದಾದ ಮೇಲೆ, ಓಣಿಯೆಲ್ಲ ಕೇಳುವಂತೆ ಆ ನಾಲ್ಕು ಅಂಕಿಗಳನ್ನು ಓದುತ್ತೇನೆ.

ಇಂತಿ,
ನಿಮ್ಮ ಕಡತಗಳಲ್ಲಿ ಪದೇ ಪದೇ ತೃಪ್ತನಾಗಿ, ಮನೆಯಲ್ಲಿ ಒಮ್ಮೆಯೂ ಆಗದ
ವೀರಭದ್ರಪ್ಪ
ಲಿಂಗಂಪಲ್ಲಿ, ಹೈದರಾಬಾದ್